ಪಕ್ಕದ ಟೇಬಲ್ಲಿನ ಕಾಫಿ

ಡೇರಿಯ ಮ್ಯಾನೇಜರ್ ವೀರಭದ್ರಯ್ಯನವರಿಗೆ ತಲೆ ಕೆಟ್ಟುಹೋಗಿತ್ತು. ಎರಡು ಸರ್ವರ್ ಅಕ್ಕಪಕ್ಕದಲ್ಲೇ ಇವೆ. ಆದರೂ ಒಂದರಿಂದ ಇನ್ನೊಂದಕ್ಕೆ ಫೈಲು ಹೋಗಲು ಅರ್ಧ ದಿನ ಬೇಕು.

"ಸಂಜೆಯೊಳಗೆ ಸರಿ ಮಾಡದಿದ್ರೆ ನಿನ್ನನ್ನ ಗೋಡೌನಿಗೆ ಹಾಕ್ತೀನಿ" ಎಂದು ಕಂಪ್ಯೂಟರ್ ನೋಡಿಕೊಳ್ಳುವ ಜಲಜಾಕ್ಷಿಯನ್ನು ಗದರಿ, ಕಾಫಿ ಕೇಳಿದರು. ಫ್ಲಾಸ್ಕು ಪಕ್ಕದ ಟೇಬಲ್ಲಿನ ಮೇಲೇ ಇತ್ತು.

ಅವಳು ಲೋಟಕ್ಕೆ ಕಾಫಿ ಬಗ್ಗಿಸಿ, ಹಿಡಿದುಕೊಂಡು ಹೊರಗೆ ನಡೆದಳು. ಮ್ಯಾನೇಜರಿಗೆ ಏನೂ ತಿಳಿಯಲಿಲ್ಲ. ಕಿಟಕಿಯಲ್ಲಿ ಬಗ್ಗಿ ನೋಡಿದರೆ, ಗೇಟಿನ ಹತ್ತಿರ ಹಾಲಿನ ಲಾರಿಗಳ ಹಿಂದೆ ಲೋಟ ಹಿಡಿದು ನಿಂತಿದ್ದಾಳೆ. ವಾಚ್‌ಮನ್ ಲಾರಿಗಳನ್ನೆಲ್ಲ ನೋಡಿ, ಕೊನೆಗೆ ಲೋಟದೊಳಗೂ ಇಣುಕಿ, ಒಳಗೆ ಬಿಟ್ಟ.

ಕಾಫಿ ಬಂದಾಗ ಕೆನೆ ಕಟ್ಟಿತ್ತು.

"ಇದೇನಮ್ಮ ಇದು?"

"ತರಬೇತಿಗೆ ಹೋಗಿ ಬಂದು, ವಿಭಾಗಕ್ಕೊಂದು ವಿ-ಲ್ಯಾನ್, ಅಂದ್ರೆ ಬೇರೆ ಬೇರೆ ಜಾಲ, ಇರಲಿ ಅಂದ್ರಲ್ಲ ಸರ್. ಆ ಎರಡು ಸರ್ವರ್ ನಡುವೆ ಗೋಡೆ ಕಟ್ಟಿದ ಹಾಗಾಯ್ತು. ಈಗ ಪ್ರತಿ ಫೈಲೂ ಕೆಳಗಿನ ಹಳೇ ರೂಟರಿನ ಮುಂದೆ ಸಾಲು ನಿಂತು, ಸುತ್ತಿಕೊಂಡೇ ಬರಬೇಕು."

ವೀರಭದ್ರಯ್ಯ ಲೋಟ ಪಕ್ಕಕ್ಕಿಟ್ಟರು. "ಎರಡನ್ನೂ ಒಂದೇ ವಿ-ಲ್ಯಾನಿನಲ್ಲಿ ಹಾಕು" ಎಂದರು. ಆಮೇಲೆ ಬಿಸಿ ಕಾಫಿ ಕೇಳೋಣವೆಂದು ಬಾಯಿ ತೆರೆದವರು, ಅವಳ ಕಣ್ಣು ಬಾಗಿಲ ಕಡೆ ಹೊರಳಿದ್ದು ಕಂಡು, ತಾವೇ ಎದ್ದು ಬಗ್ಗಿಸಿಕೊಂಡರು.