ಕರಿ ಕೊಳವೆಯೊಳಗಿನ ದೀಪ

ಹೊಳೆಯ ದಂಡೆಯಲ್ಲಿ ಫಕೀರಪ್ಪ ಮಾಸ್ತರರ ತಗಡಿನ ಶೆಡ್ಡು. ಸತ್ತ ಆಂಪ್ಲಿಫೈಯರುಗಳು ಅಲ್ಲಿಗೆ ಬಂದು ಎದ್ದು ಹೋಗುತ್ತಿದ್ದವು.

ಮೌನೇಶ ಆರ್ಕೆಸ್ಟ್ರಾದಲ್ಲಿ ಬಾಸ್ ಗಿಟಾರ್ ನುಡಿಸುವವನು. ಬೇಸಿಗೆಯಿಂದ ಮಾಸ್ತರರ ಬಳಿ ಬೆಸುಗೆಯ ಕೆಲಸ ಕಲಿಯುತ್ತಿದ್ದ.

ಆರ್ಕೆಸ್ಟ್ರಾದಲ್ಲಿ ಹಾಡುವವಳೂ ಅದರ ಒಡತಿಯೂ ಸುಲೋಚನಾಬಾಯಿ. ಅವಳು ಅವನಿಗೆ ಹೇಳಿದ್ದಳು: "ನಿನ್ನ ಬಾಸು ಒಮ್ಮೆ ಎದಿಗೆ ಒದಿತೈತಿ, ಒಮ್ಮೆ ಸತ್ತಂಗ ಇರ್ತೈತಿ. ಶನಿವಾರದ ಕಾರ್ಯಕ್ರಮದಾಗೂ ಹಂಗ ಆತು ಅಂದ್ರ ನಾ ಬ್ಯಾರೆ ಕೈ ಹುಡುಕ್ತೀನಿ."

ಇಂದು ಶನಿವಾರ.

ಜೋರು ದನಿಯನ್ನು ತಗ್ಗಿಸಿ, ಮೆಲುದನಿಯನ್ನು ಉಳಿಸುವ, ಗಿಟಾರಿಗೆ ಜೋಡಿಸುವ ಪುಟ್ಟ ಪೆಟ್ಟಿಗೆಯಂಥ ಪೆಡಲಿಗೆ ಕಂಪ್ರೆಸರ್ ಎನ್ನುತ್ತಾರೆ. ಮೌನೇಶ ತನ್ನದನ್ನು ತಾನೇ ಕಟ್ಟಿದ್ದ. ಒಂದು ಭಾಗದ ಹೊರತು.

ಆ ಭಾಗವನ್ನು ಮಾಸ್ತರರು ಮಾಡುತ್ತಿದ್ದರು. ಬಾಗಿಲಿಗೂ ಶಿಷ್ಯನಿಗೂ ಬೆನ್ನು ಹಾಕಿ.

"ಅದರಾಗ ಏನೈತ್ರೀ?"

"ಒಂದು ದೀಪ. ಅದರ ಎದುರಿಗೆ ಒಂದು ಕಣ್ಣು. ನೀ ಜೋರು ಮೀಟಿದ್ರ ದೀಪ ಉರಿತೈತಿ. ಕಣ್ಣು ಬೆಳಕು ಕಂಡಷ್ಟು ದನಿ ತಗ್ಗಸ್ತೈತಿ. ಮೆಲ್ಲಕ ಮೀಟಿದ್ರ ದೀಪ ಆರ್ತೈತಿ. ಕಣ್ಣು ದನೀನ ಬಿಡ್ತೈತಿ."

"ಅಷ್ಟೇನ್ರೀ?"

"ಅಷ್ಟ."

ಮೌನೇಶ ನಂಬಲಿಲ್ಲ. ಅಷ್ಟೇ ಆಗಿದ್ದರೆ ಬೆನ್ನು ಯಾಕೆ ತಿರುಗಿಸಬೇಕು?

ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದ ಪೆಡಲಿನ ನಕ್ಷೆಯಿತ್ತು. ಯಾವ ತಂತಿ ಎಲ್ಲಿಗೆ ಹೋಗುತ್ತದೆಂಬುದು ಅದರಲ್ಲಿ ಸ್ಪಷ್ಟ. ಆ ಭಾಗವಿರಬೇಕಾದ ಜಾಗದಲ್ಲಿ ಮಾತ್ರ ಇದ್ದಿಲಿನಿಂದ ಒತ್ತಿದ ಕರಿ ಚುಕ್ಕೆ.

"ನಿಮ್ಮ ಹಳೇ ಶಿಷ್ಯ ರಾಜೇಸಾಬನಿಗೆ ಇದನ್ನ ಹೇಳಿಕೊಟ್ಟಿದ್ರಂತ?"

"ಹೇಳಿಕೊಟ್ಟಿಲ್ಲ."

"ಮತ್ತ ಅವ ಹೆಂಗ ಮಾಡ್ತಾನ್ರೀ?"

"ನನ್ನ ಬೆನ್ನು ನೋಡಿ ಕಲ್ತ."

ಮೌನೇಶ ಮಾಸ್ತರರ ಬೆನ್ನು ನೋಡಿದ. ಬೆವರಿಗೆ ಅಂಟಿದ ಬನಿಯನ್, ಅದರಲ್ಲೊಂದು ತೂತು. ರಾಜೇಸಾಬನಿಗೆ ಏನೋ ಗುಟ್ಟು ಸಿಕ್ಕಿದೆ, ನನಗೆ ತೂತು ತೋರಿಸುತ್ತಿದ್ದಾರೆ ಎಂದುಕೊಂಡ.

ಮಾಸ್ತರರು ದೀಪವನ್ನೂ ಕಣ್ಣನ್ನೂ ಒಂದು ಕರಿ ಕೊಳವೆಯೊಳಗೆ ಸೇರಿಸಿ ಬಿಸಿ ತಾಗಿಸಿದರು. ಕೊಳವೆ ಕುಗ್ಗಿ ಬಿಗಿಯಾಗಿ ಅಪ್ಪಿಕೊಂಡಿತು. ಅದನ್ನು ಪೆಡಲಿಗೆ ಬೆಸೆದು ಎದ್ದರು.

"ಬಾರಿಸಿ ನೋಡು. ಆ ಕೊಳವಿ ಮಾತ್ರ ಬಿಚ್ಚಬ್ಯಾಡ."

"ಬಿಚ್ಚಿದ್ರ?"

"ಕೆಡ್ತೈತಿ."

"ಯಾಕ್ರೀ?"

ಮಾಸ್ತರರು ಟವೆಲ್ಲು ಹೆಗಲಿಗೆ ಹಾಕಿಕೊಂಡು ಆಗಲೇ ಹೊಳೆಗೆ ಇಳಿಯುತ್ತಿದ್ದರು.

ಮೌನೇಶ ಬಾಸು ಎತ್ತಿಕೊಂಡು ಜೋರಾಗಿ ಮೀಟಿದ. ದನಿ ಒದೆಯಲಿಲ್ಲ. ಬೆರಳ ತುದಿಯಿಂದ ಮುಟ್ಟಿದ. ದನಿ ಸಾಯಲಿಲ್ಲ.

ಸಂತೋಷವಾಗಬೇಕಿತ್ತು. ಅವನು ಕೊಳವೆಯನ್ನೇ ನೋಡುತ್ತ ಕುಳಿತ.

ವೇದಿಕೆಯ ಮೇಲೆ ಇದು ಕೈ ಕೊಟ್ಟರೆ? ಒಳಗೆ ದೀಪವೇ ಇಲ್ಲದಿದ್ದರೆ? ಬ್ಲೇಡು ಹತ್ತಿರದಲ್ಲೇ ಇತ್ತು.

ಕೊಳವೆಯನ್ನು ಉದ್ದಕ್ಕೆ ಸೀಳಿದ. ಒಳಗೆ ದೀಪವಿತ್ತು. ಎದುರಿಗೆ ಕಣ್ಣಿತ್ತು. ಮೂರನೆಯದೇನೂ ಇರಲಿಲ್ಲ. ತಂತಿ ಮೀಟಿದ. ದೀಪ ಮಿನುಗಿ ಆರಿತು. ಮತ್ತೆ ಮೀಟಿದ. ಮತ್ತೆ ಮಿನುಗಿತು. ಅವನಿಗೆ ನಗು ಬಂತು.

ಆಮೇಲೆ ಗೊತ್ತಾಯಿತು, ಬಾಸು ಕೇಳಿಸುತ್ತಿಲ್ಲ.

ಗುಂಡಿ ತಿರುಗಿಸಿದ. ಬ್ಯಾಟರಿ ಬದಲಿಸಿದ. ಬೆಸುಗೆ ಬಿಚ್ಚಿ ಮತ್ತೆ ಹಾಕಿದ. ಮಾಸ್ತರರ ಡಬ್ಬಿಯಿಂದ ಹೊಸ ಕಣ್ಣು ತೆಗೆದು ಕೂರಿಸಿದ. ದನಿ ಬಾವಿಯ ತಳದಲ್ಲೇ ಉಳಿಯಿತು.

ಮಾಸ್ತರರು ಒದ್ದೆ ತಲೆ ಒರೆಸಿಕೊಳ್ಳುತ್ತ ಬಂದರು.

"ಬಿಚ್ಚಿದಿ, ಹೌದಲ್ಲ?"

"ಬಿಚ್ಚಿದೆ. ಬಿಚ್ಚಿದ್ರ ಕೆಡೂವಂಗ ಏನೋ ಮಾಡಿಟ್ಟೀರಿ ನೀವು. ಸಾಯೂತನಕ ಇವ ನನ್ನ ಬಾಗಿಲಿಗೇ ಬರ್ಲಿ ಅಂತ."

"ದಿನಾ ಬಂದು ನನ್ನ ಚಾ ಖಾಲಿ ಮಾಡಾಂವ ನೀ. ನಿನ್ನ ಕರಸ್ಕೊಂಡು ನನಗೇನ್ ಬರ್ತೈತೋ?"

"ನಗಬ್ಯಾಡ್ರಿ. ಈಗ ಆರ್ಕೆಸ್ಟ್ರಾದ ಗಾಡಿ ಬರ್ತೈತಿ. ಸುಲೋಚನಾಬಾಯಿ ಇವತ್ತ ನನ್ನ ಹೊರಗ ಹಾಕ್ತಾಳ."

ಮಾಸ್ತರರು ಪೆಡಲಿನ ತಂತಿಗಳ ತುದಿಯಲ್ಲಿ ಜೋತಾಡುತ್ತಿದ್ದ ದೀಪವನ್ನೂ ಕಣ್ಣನ್ನೂ ಒಟ್ಟಿಗೆ ಹಿಡಿದು ಮುಷ್ಟಿ ಮುಚ್ಚಿದರು.

"ಮೀಟು."

ದನಿ ಎದ್ದು ಬಂತು. ತಗಡು ಗುಂಯ್ ಎಂದಿತು.

ಮುಷ್ಟಿ ತೆರೆದರು. ಬಾಗಿಲ ಬಿಸಿಲು ಅಂಗೈಗೆ ಬಿತ್ತು.

"ಮೀಟು."

ದನಿ ಮುಳುಗಿತು.

ಮತ್ತೆ ಮುಚ್ಚಿದರು. ಮತ್ತೆ ಎದ್ದಿತು.

ಮೌನೇಶ ಮುಷ್ಟಿ ನೋಡಿದ. ಬಾಗಿಲು ನೋಡಿದ.

"ಮೊದಲ ಹೇಳಬಾರ್ದಾಗಿತ್ತೇನ್ರೀ?"

"ಕಣ್ಣು ಬೆಳಕು ಕಂಡಷ್ಟು ದನಿ ತಗ್ಗಸ್ತೈತಿ ಅಂದಿದ್ದೆ. ಅದು ಒಳಗಿನ ದೀಪಾನೋ ಹೊರಗಿನ ಸೂರ್ಯಾನೋ, ಕಣ್ಣಿಗೇನ್ ಗೊತ್ತು?"

"ಆದ್ರ ಮುಚ್ಚಿಬಿಟ್ರ ದೀಪ ಉರಿತೈತೋ ಇಲ್ಲೋ, ಹೆಂಗ ನೋಡೂದು?"

"ನೋಡಿದಿ ಅಲ್ಲ? ಚಂದ ಉರೀತಿತ್ತು. ಬಾಸು ಎಲ್ಲಿತ್ತು?"

ದೂರದ ರಸ್ತೆಯಲ್ಲಿ ಗಾಡಿಯ ಹಾರ್ನ್ ಕೇಳಿಸಿತು.

ಮಾಸ್ತರರು ಹೊಸ ಕರಿ ಕೊಳವೆಯ ತುಂಡೊಂದನ್ನು ಅವನ ಕಡೆಗೆ ಎಸೆದರು.

"ನೀನ ಮಾಡು."

"ನೀವ ಮಾಡ್ರಿ. ಹೊತ್ತಾತು."

"ನಾ ಮಾಡಿದ್ರ ದಾರ್‍ಯಾಗ ಮತ್ತ ಸೀಳ್ತಿ."

ಅವರು ಬಾಸು ತೊಡೆಯ ಮೇಲಿಟ್ಟುಕೊಂಡು ಬಾಗಿಲ ಹೊಸ್ತಿಲ ಒಂದು ಬದಿಗೆ ಕುಳಿತರು.

ಮೌನೇಶ ಅವರಿಗೆ ಎದುರಾಗಿ ಸ್ಟೂಲಿನ ಮೇಲೆ ಕುಳಿತ. ದೀಪದ ತಂತಿಗಳನ್ನು ಕಳಚಿ, ಕೊಳವೆಯನ್ನು ಅವಕ್ಕೆ ತೂರಿಸಿಟ್ಟು, ಮತ್ತೆ ಬೆಸೆದ. ಮುಚ್ಚುವ ಮೊದಲು ದೀಪಕ್ಕೂ ಕಣ್ಣಿಗೂ ಎಷ್ಟು ಅಂತರವಿರಬೇಕೆಂದು ಗೊತ್ತು ಮಾಡಬೇಕು. ಒಮ್ಮೆ ಮುಚ್ಚಿದರೆ ಸರಿಸಲಾಗದು.

ಮಾಸ್ತರರು ತಂತಿ ಮೀಟಿದರು. ದನಿ ಏಳಲಿಲ್ಲ.

ಮೌನೇಶ ಮುಂದಕ್ಕೆ ಬಾಗಿದ. ಬಿಸಿಲು ಅವನ ಬೆರಳ ಸಂದಿಯಲ್ಲೇ ಬಂತು. ಸ್ಟೂಲು ಹಿಂದಕ್ಕೆ ಎಳೆದ. ಬಿಸಿಲು ಹಿಂದೆಯೇ ಬಂತು.

ಹಾರ್ನ್ ಈಗ ಹತ್ತಿರದಲ್ಲಿ ಕೇಳಿಸಿತು.

ಅವನು ಸ್ಟೂಲಿನ ಮೇಲೆ ಪೂರ್ತಿ ತಿರುಗಿ ಕುಳಿತ. ಅವನ ನೆರಳು ಅವನದೇ ಕೈಗಳ ಮೇಲೆ ಬಿತ್ತು. ಅಂಗೈಗಳನ್ನು ಗೂಡು ಮಾಡಿದ.

ಹಿಂದೆ ಮಾಸ್ತರರು ಜೋರಾಗಿ ಮೀಟಿದರು. ದನಿ ಬಂತು. ಮೆಲ್ಲಗೆ ಮೀಟಿದರು. ಅಷ್ಟೇ ದನಿ ಬಂತು.

ಮೌನೇಶ ಒಂದು ಕೂದಲೆಳೆಯಷ್ಟು ಸರಿಸಿದ. ಕೊಳವೆಯನ್ನು ಮೇಲಕ್ಕೆ ಎಳೆದ. ಬಿಸಿ ತಾಗಿಸಿದ. ಕರಿ ಕೊಳವೆ ಕುಗ್ಗಿ, ಒಳಗಿನದೆಲ್ಲವನ್ನೂ ಅಪ್ಪಿಕೊಂಡಿತು.

ಗಾಡಿ ಶೆಡ್ಡಿನ ಮುಂದೆಯೇ ಬಂದು ನಿಂತು ಕೂಗಿತು. ಅವನು ತಲೆಯೆತ್ತಲಿಲ್ಲ.

ಬೆನ್ನ ಹಿಂದಿನಿಂದ ಮಾಸ್ತರರು ಕೇಳಿದರು:

"ಏನೋ ಮೌನೇಶಾ, ನನಗ ಬೆನ್ನು ಹಾಕಿ ಅದೇನ್ ಕಳ್ಳತನ ನಡಸೀಯೋ?"