ಅನ್‌ಲಿಮಿಟೆಡ್ ನೆಟ್ಟಿನ ರಕ್ಕಸ

"ಗುಡ್ಡದ ಟವರಿನಲ್ಲಿರುವ ರಕ್ಕಸನ ಮೂರು ಒಗಟು ಬಿಡಿಸಿದವರು ಕೇಳಿದ ವರವನ್ನು ಅವನು ಕೊಡುತ್ತಾನೆ. ತಪ್ಪಿದವರನ್ನು ತಿನ್ನುತ್ತಾನೆ. ಅರಸರು ಇದಕ್ಕೆ ಒಪ್ಪಿದ್ದಾರೆ!" ಎಂದು ತೊರೆಗಲ್ಲಿನ ಬೀದಿಬೀದಿಯಲ್ಲಿ ಡಂಗುರ ಸಾರಿದರು. ಒಪ್ಪದೆ ಅರಸರು ಮಾಡುವುದಾದರೂ ಏನು? ನಾಡಿಗೆಲ್ಲ ಮೊಬೈಲ್ ನೆಟ್ ಕೊಡುತ್ತಿದ್ದವನು ಆ ರಕ್ಕಸನೇ. ಅನ್‌ಲಿಮಿಟೆಡ್ ಎಂದು ದೊಡ್ಡ ಬೋರ್ಡು ಬೇರೆ ಹಾಕಿದ್ದ. ಬೆಳಿಗ್ಗೆ ಓಡುವ ನೆಟ್ ಮಧ್ಯಾಹ್ನ ದಾಟಿದರೆ ತೆವಳುತ್ತಿತ್ತು. ಹೋಗಿ ಕೇಳುವ ಧೈರ್ಯ ಯಾರಿಗೂ ಇರಲಿಲ್ಲ.

ಮದುವೆಮನೆಗಳಲ್ಲಿ ಬಡಿಸುವ ಚೌಡಪ್ಪನಿಗೂ ಇರಲಿಲ್ಲ. ಆದರೆ ಅವನ ಅಕ್ಕ ಪುಟ್ಟತಾಯಿ ತುಂಬಿದ ಬಸುರಿ. ಹೊಳೆಯಾಚೆಯ ವೈದ್ಯೆ ಫೋನಿನಲ್ಲೇ ನೋಡುತ್ತ ಹೆರಿಗೆ ಮಾಡಿಸಬೇಕು. ಹೋದ ಸಲ ವೈದ್ಯೆಯ ಮಾತು ಅರ್ಧಕ್ಕೇ ನಿಂತುಹೋಗಿ ಕೂಸು ಉಳಿದಿರಲಿಲ್ಲ. ಅದಕ್ಕೇ ಹೆದರಿಕೆಯನ್ನು ನುಂಗಿಕೊಂಡು ಗುಡ್ಡ ಹತ್ತಿದ.

ಅವನ ಮುಂದೆ ಒಬ್ಬ ರಾಜಕುಮಾರನೂ ಒಬ್ಬ ಪಂಡಿತನೂ ನಿಂತಿದ್ದರು.

"ನಾನು ಇಲ್ಲ ಎನ್ನುವುದಿಲ್ಲ, ಬಾಗಿಲು ಮುಚ್ಚುವುದಿಲ್ಲ. ಆದರೂ ಬಂದವರು ಹಸಿದೇ ಕೂರುತ್ತಾರೆ. ಹೇಗೆ?" ಎಂದ ರಕ್ಕಸ.

ರಾಜಕುಮಾರ ಮಾಟ ಎಂದ. ಪಂಡಿತ ಅವರವರ ಹಣೆಬರಹ ಎಂದ. ಇಬ್ಬರೂ ರಕ್ಕಸನಿಗೆ ತುತ್ತಾದರು. ಚೌಡಪ್ಪನಿಗೆ ಓಡಿಹೋಗಬೇಕೆನಿಸಿತು, ಅಕ್ಕನಿಗಾಗಿ ನಿಂತ. ಪಾಯಸ ಸಾಲದಾದಾಗ ಅಡುಗೆ ಭಟ್ಟರು ಮುಗಿಯಿತೆಂದು ಎಂದೂ ಹೇಳುವುದಿಲ್ಲ, ಚಿಕ್ಕ ಸೌಟು ತಗೋ ಎಂದು ಕಿವಿಯಲ್ಲಿ ಉಸುರುತ್ತಾರೆ. ಅದು ನೆನಪಾಯಿತು.

"ಸೌಟು ಬದಲಾಯಿಸ್ತೀರ ಸ್ವಾಮಿ. ದಿನದ ಪಾಲು ಮುಗಿದ ಮೇಲೆ ನೆಟ್ಟು ಹನಿಹನಿಯಾಗಿ ಬಡಿಸ್ತೀರ."

ರಕ್ಕಸ ಹತ್ತಿರ ಬಂದ. "ಸಾಸಿವೆಯಷ್ಟಿದೆ. ದೊಡ್ಡ ಮಾತಿನ ಹೆಗಲೇರಿ ಆ ಮಾತನ್ನೇ ತಿನ್ನುತ್ತದೆ. ಏನದು?"

ಅವನ ಮುಖ ನೋಡಲಾರದೆ ಚೌಡಪ್ಪ ಮೇಲಿನ ಬೋರ್ಡು ನೋಡಿದ. "ಅನ್‌ಲಿಮಿಟೆಡ್ ಪಕ್ಕದಲ್ಲಿರೋ ಆ ಚಿಕ್ಕ ನಕ್ಷತ್ರ. ಷರತ್ತೆಲ್ಲ ಅದರ ಹಿಂದೆ ಅವಿತಿದೆ."

ಈಗ ರಕ್ಕಸನ ಬಿಸಿಯುಸಿರು ಕುತ್ತಿಗೆಗೆ ತಾಗಿತು. "ಅಳತೆಯಿಲ್ಲ ಎಂದರೆ ಸಾಯುತ್ತದೆ, ಅಳತೆ ಹೇಳಿದರೆ ಬದುಕುತ್ತದೆ. ಯಾವುದು?"

ಚೌಡಪ್ಪ ಸತ್ತೆ ಎಂದುಕೊಂಡ. ಕಣ್ಣು ಮುಚ್ಚಿದರೆ ಹೋದ ಸಲದ ಆ ದಿನವೇ ಕಂಡಿತು. ನೆಟ್ ಎಷ್ಟು ಬಳಸಿದರೂ ಮುಗಿಯದೆಂದು ನಂಬಿ ಮನೆಯವರೆಲ್ಲ ಬೆಳಗಿನಿಂದ ಧಾರಾವಾಹಿ ನೋಡುತ್ತ ಕೂತಿದ್ದರು. ಇಷ್ಟೇ ಎಂದು ಮೊದಲೇ ಹೇಳಿದ್ದರೆ ಅಕ್ಕನಿಗಾಗಿ ಉಳಿಸಿಕೊಳ್ಳುತ್ತಿರಲಿಲ್ಲವೇ? ಅವನಿಗೆ ಅಳು ಬಂತು.

"ಕೊಟ್ಟ ಮಾತು," ಎಂದ.

ರಕ್ಕಸ ಹಿಂದೆ ಸರಿದ. ಸೋತೆನೆಂದು ಒಪ್ಪಿಕೊಂಡು, ಏನು ಬೇಕೋ ಕೇಳು, ಅಳತೆಯಿಲ್ಲದಷ್ಟು ಕೊಡುತ್ತೇನೆ ಎಂದ.

"ಅಳತೆಯಿಲ್ಲದ್ದು ಬೇಡ ಸ್ವಾಮಿ. ಅಕ್ಕನಿಗೆ ನೋವು ಶುರುವಾದಾಗಿಂದ ಮಗು ಅಳೋವರೆಗೂ ನೆಟ್ಟು ನಿಲ್ಲಬಾರದು. ಅಷ್ಟು ಸಾಕು."

ಪುಟ್ಟತಾಯಿಗೆ ನೋವು ಬಂದದ್ದು ಇಳಿಹೊತ್ತಿನಲ್ಲಿ. ಚೌಡಪ್ಪ ಫೋನು ಹಿಡಿದು ನಿಂತ. ವೈದ್ಯೆ ಹೇಳುತ್ತಲೇ ಹೋದಳು, ಸೂಲಗಿತ್ತಿ ಮಾಡುತ್ತಲೇ ಹೋದಳು, ಒಂದು ಮಾತೂ ತುಂಡಾಗಲಿಲ್ಲ. ಕಡೆಗೆ ಮಗು ಅತ್ತಿತು. ಆ ಕ್ಷಣವೇ ನೆಟ್ ನಿಂತಿತು, ಪರದೆಯ ಮೇಲೆ ವೈದ್ಯೆಯ ಮುಖ ನಗುತ್ತಿದ್ದಂತೆಯೇ ಉಳಿಯಿತು.