ನಡುವಿನ ತಂಡದ ಕೊನೆಯ ಆಟ

ಶಿಷ್ಯ ಕೊಟ್ರಯ್ಯ ಗುರುಗಳ ಮುಂದೆ ಕೈಕಟ್ಟಿ ನಿಂತು ಕೇಳಿದ: “ಬುದ್ಧಿ, ನನ್ನ ಜೊತೆ ಮಠಕ್ಕೆ ಬಂದವರಲ್ಲಿ ಒಬ್ಬ ಇನ್ನೊಂದು ಮಠದ ಪೀಠ ಏರಿದ. ಇನ್ನೊಬ್ಬ ಇದು ತನ್ನಿಂದಾಗದು ಎಂದು ಊರಿಗೆ ಮರಳಿ, ಸಂಸಾರ ಹೂಡಿ ನೆಮ್ಮದಿಯಾಗಿದ್ದಾನೆ. ನಾನು ಮೇಲೂ ಏರಲಿಲ್ಲ, ಕೆಳಗೂ ಇಳಿಯಲಿಲ್ಲ. ಇನ್ನು ಯಾಕಾಗಿ ಜಪಕ್ಕೆ ಕೂರಲಿ?”

ಗುರುಗಳು ಅವನನ್ನು ಕೂರಿಸಿಕೊಂಡು ಈ ಕತೆ ಹೇಳಿದರು.

ಒಬ್ಬ ದ್ರಾಕ್ಷಿ ವ್ಯಾಪಾರಿ ಕಬಡ್ಡಿ ತಂಡವೊಂದನ್ನು ಕಟ್ಟಿದ್ದ. ಎಲ್ಲರೂ ಸಂಬಳಕ್ಕೆ ಆಡುವವರು. ಅವರ ನಾಯಕ ಭರಮಪ್ಪ. ಆ ವರ್ಷದ ಪಂದ್ಯಾವಳಿಯಲ್ಲಿ ಅವರು ಬಲಿಷ್ಠ ತಂಡಗಳನ್ನು ಮಣಿಸಿದರು. ಮರುವಾರವೇ ಲೆಕ್ಕಕ್ಕಿಲ್ಲದವರ ಕೈಲಿ ಸೋತರು. ಗೆದ್ದ ದಿನ ಭರಮಪ್ಪನಿಗೆ ಪಂದ್ಯಾವಳಿಯ ಕಪ್ಪು ಕೈಗೆ ಬಂದಂತೆಯೇ ಇರುತ್ತಿತ್ತು. ಸೋತ ದಿನ ಅನ್ನ ಸೇರುತ್ತಿರಲಿಲ್ಲ. ಹೀಗೆ ಏಳುತ್ತಾ ಬೀಳುತ್ತಾ ಒಂದೇ ಪಂದ್ಯ ಉಳಿದಾಗ ತಂಡ ನಟ್ಟನಡುವೆ ನಿಂತಿತ್ತು. ಗೆದ್ದರೆ ಕಪ್ಪಿಲ್ಲ, ಸೋತರೆ ಕೇಡಿಲ್ಲ. ವ್ಯಾಪಾರಿ ಆಟ ನೋಡಲು ಬರುವುದನ್ನೇ ಬಿಟ್ಟಿದ್ದ.

ಆ ಪಂದ್ಯದ ಎದುರಾಳಿ ಕಟ್ಟಕಡೆಯ ಸ್ಥಾನದ ತಂಡ. ಕಡೆಗೆ ಉಳಿದವರಿಗೆ ಮುಂದಿನ ವರ್ಷ ಪಂದ್ಯಾವಳಿಯಲ್ಲಿ ಜಾಗವಿಲ್ಲ ಎಂಬುದು ನಿಯಮ. ಅದರ ನಾಯಕ ದುರಗಪ್ಪ ಭರಮಪ್ಪನ ಗೆಳೆಯ. ಒಂದೇ ಓಣಿಯ ಮಣ್ಣಿನಲ್ಲಿ ಇಬ್ಬರೂ ಆಟ ಕಲಿತಿದ್ದರು. ಪಂದ್ಯದ ಹಿಂದಿನ ಸಂಜೆ ಅವನು ಭರಮಪ್ಪನನ್ನು ಹುಡುಕಿಕೊಂಡು ಬಂದ. ಊರು, ಮನೆ, ಮಕ್ಕಳ ವಿಷಯ ಮಾತಾಡಿದ. ಕೊನೆಗೆ ತಲೆತಗ್ಗಿಸಿ ಹೇಳಿದ: “ಭರಮಾ, ಈ ಆಟದಿಂದ ನಿನಗೆ ಬರುವುದೂ ಇಲ್ಲ, ಹೋಗುವುದೂ ಇಲ್ಲ. ನನಗೆ ಇದೇ ಅನ್ನ. ಬಿಟ್ಟುಕೊಡು.”

ಆಗಲಿ ಎನ್ನಲು ಭರಮಪ್ಪ ಬಾಯಿ ತೆರೆದ. ಅಷ್ಟರಲ್ಲಿ ದುರಗಪ್ಪನ ತಂಡದವರು ಎದ್ದರೆ ಅವರ ಬದಲು ಬೀಳುವವರು ಯಾರು ಎಂಬ ಯೋಚನೆ ಬಂತು. ಇವರಿಗಿಂತ ಒಂದು ಮೆಟ್ಟಿಲು ಮೇಲಿದ್ದದ್ದು ದೂರದ ಜಿಲ್ಲೆಯ ಒಂದು ತಂಡ. ಅದರ ಆಟಗಾರರ ಮುಖವೂ ಅವನಿಗೆ ನೆನಪಿರಲಿಲ್ಲ. ಅವರೂ ಅನ್ನಕ್ಕೇ ಆಡುವವರು. ಗೆಳೆಯನಿಗೆ ಚಹಾ ಕುಡಿಸಿ ಕಳಿಸಿದ.

ಮರುದಿನ ನೋಡಲು ಬಂದವರು ಬೆರಳೆಣಿಕೆಯಷ್ಟು ಜನ. ಭರಮಪ್ಪ ಮಾತ್ರ ಕಪ್ಪಿನ ಆಸೆಯಿದ್ದ ದಿನಗಳಲ್ಲಿ ಹೇಗೆ ಆಡಿದ್ದನೋ ಹಾಗೆಯೇ ಆಡಿದ. ಆಟ ಕೊನೆಯ ದಾಳಿಗೆ ಬಂದಾಗ ಅಂಕಗಳು ಸಮವಾಗಿದ್ದವು. ದಾಳಿಗೆ ಬಂದವನು ದುರಗಪ್ಪ. ಅವನು ಒಬ್ಬನನ್ನು ಮುಟ್ಟಿ ತಿರುಗುವಷ್ಟರಲ್ಲಿ ಭರಮಪ್ಪ ಅವನ ಕಾಲು ಹಿಡಿದು ಕೆಡವಿದ. ದುರಗಪ್ಪನ ಕೈ ನಡುಗೆರೆಯ ಕಡೆಗೆ ಚಾಚಿತ್ತು. ಕಬಡ್ಡಿ, ಕಬಡ್ಡಿ ಎಂಬ ದನಿ ಭರಮಪ್ಪನ ಎದೆಯ ಕೆಳಗೆ ಸಣ್ಣಗಾಗುತ್ತಿತ್ತು. ಹಿಡಿತ ಒಂದಿಷ್ಟು ಸಡಿಲಿಸಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಅವನು ಸಡಿಲಿಸಲಿಲ್ಲ. ದನಿ ನಿಂತಿತು.

ದುರಗಪ್ಪ ಮೈಯ ಧೂಳು ಕೊಡವಿಕೊಂಡು, ಗೆಳೆಯನ ಕಡೆ ನೋಡದೆ ಹೊರಟುಹೋದ. ಭರಮಪ್ಪ ಅಂಗಳದ ಅಂಚಿನಲ್ಲಿ ಕುಳಿತು ಅತ್ತ. ಉಳಿದುಕೊಂಡ ದೂರದ ತಂಡದವರಿಗೆ ಅವನ ಹೆಸರೂ ಗೊತ್ತಾಗಲಿಲ್ಲ. ಆ ವರ್ಷ ವ್ಯಾಪಾರಿಯ ತಂಡ ಯಾವ ಸ್ಥಾನದಲ್ಲಿತ್ತು ಎಂಬುದನ್ನು ಯಾರೂ ನೆನಪಿಟ್ಟುಕೊಳ್ಳಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಕೊಟ್ರಯ್ಯನಿಗೆ ತಡೆಯಲಾಗಲಿಲ್ಲ.

“ಬುದ್ಧಿ, ಕಪ್ಪೂ ಬರಲಿಲ್ಲ, ಗೆಳೆತನವೂ ಹೋಯಿತು. ಅಷ್ಟು ಆಡಿ ಅವನಿಗೆ ಸಿಕ್ಕಿದ್ದೇನು?”

ಗುರುಗಳು ಹೇಳಿದರು: “ಕೊಟ್ರಯ್ಯ, ಇಷ್ಟು ವರ್ಷ ನೀನು ಕೂತು ಜಪಿಸಿದ್ದೂ ‘ಸಿಕ್ಕಿದ್ದೇನು, ಸಿಕ್ಕಿದ್ದೇನು’ ಎಂಬ ಇದೇ ಮಾತನ್ನಲ್ಲವೇ?”